ಎರಡು ಹಾಸಿಗೆಗಳ ನಡುವೆ

ಹಾಸಿಗೆ ಹೊಲಿಯುವವರ ಮನೆಯ ಹುಡುಗ ನೆಲದ ಮೇಲೆ ಮಲಗುತ್ತಾನೆ ಎಂದರೆ ಯಾರಿಗಾದರೂ ನಗು ಬರುತ್ತದೆ. ನನಗೆ ಬಂದದ್ದು ಸಿಟ್ಟು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇದನ್ನು ಹೇಳುವಾಗ ನಡುನಡುವೆ ನನ್ನ ದನಿ ಏರಿದರೆ ಕೇಳುವವರು ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವನು ನನ್ನ ಅಣ್ಣನ ಮಗ. ಅವನಿಗೆ ಅಕ್ಷರ ಬರುವ ಮೊದಲೇ ತಾಯಿ ತೀರಿಕೊಂಡಳು. ಆಮೇಲೆ ಅವನಿಗೆ ಸ್ನಾನ ಮಾಡಿಸಿದವಳು, ಕಿವಿ ಹಿಂಡಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಎಲ್ಲ ನಾನೇ. ತಿಂದದ್ದು ಎಲ್ಲಿ ಹೋಗುತ್ತದೋ ಗೊತ್ತಾಗದ ಹಾಗಿದ್ದ ಆ ಮೈ ನೋಡಿ ‘ಕಡ್ಡಿ’ ಎಂದು ಕರೆದವಳೂ ನಾನೇ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಕಡ್ಡಿಯನ್ನು ತೋರಿಸುತ್ತಿದ್ದೆ. ಇಂಥದ್ದೊಂದು ಗಂಡು ಮನೆಯಲ್ಲಿರುವಾಗ ಇನ್ನೊಂದನ್ನು ಸಾಕುವ ತ್ರಾಣ ನನಗಿಲ್ಲ ಎನ್ನುತ್ತಿದ್ದೆ.

ನಮ್ಮದು ಹಾಸಿಗೆ ಅಂಗಡಿ. ಮುಂದಿನ ಕೋಣೆ ಬೀದಿಗೆ ತೆರೆದುಕೊಂಡಿದೆ, ಹಿಂದಿನದೆಲ್ಲ ಮನೆ. ಅಣ್ಣ ಹತ್ತಿ ಹಿಂಜುತ್ತಾನೆ, ಚೀಲಕ್ಕೆ ತುಂಬುತ್ತಾನೆ, ಉದ್ದನೆಯ ಸೂಜಿಯಿಂದ ಅಲ್ಲಲ್ಲಿ ಗಂಟು ಹಾಕುತ್ತಾನೆ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಆ ಚೀಲಗಳನ್ನು ಹೊಲಿಯುತ್ತೇನೆ. ಹತ್ತಿಯ ಎಳೆ ನಮ್ಮ ಹುಬ್ಬಿನ ಮೇಲೆ, ಗಡಿಯಾರದ ಮೇಲೆ, ಕುಡಿಯುವ ನೀರಿನ ಲೋಟದಲ್ಲಿ, ಎಲ್ಲೆಂದರಲ್ಲಿ. ಸಿದ್ಧವಾದ ಹಾಸಿಗೆಯನ್ನು ಸುತ್ತಿ, ಹಗ್ಗ ಬಿಗಿದು, ತಲೆಯ ಮೇಲೆ ಹೊತ್ತು ಗಿರಾಕಿಯ ಮನೆಗೆ ಮುಟ್ಟಿಸುವುದು ಅಪ್ಪ ಮಗನ ಕೆಲಸ. ಮೆಟ್ಟಿಲು ಹತ್ತುವಾಗ ಕಡ್ಡಿ ಹಿಂದಿನಿಂದ ‘ಎಡಕ್ಕೆ ಬಾ ಅಪ್ಪ, ತಲೆ ತಗ್ಗಿಸು’ ಎಂದು ದಾರಿ ಹೇಳುತ್ತಿದ್ದ. ಮೀಸೆ ಚಿಗುರುವ ಹೊತ್ತಿಗೆ ಅವನೊಬ್ಬನೇ ಹೊರತೊಡಗಿದ. ಕೈ ಬಿಟ್ಟು, ಕತ್ತು ನೆಟ್ಟಗಿಟ್ಟು, ಬೀದಿಯಲ್ಲಿ ಗೆಳೆಯರು ಸಿಕ್ಕರೆ ಹಾಸಿಗೆ ಹೊತ್ತುಕೊಂಡೇ ಹರಟೆ ಹೊಡೆಯುತ್ತಿದ್ದ. ಇಳಿಸಿ ಮಾತಾಡೋ ಎಂದು ನಾನು ಅಂಗಡಿಯಿಂದ ಕೂಗಿದರೆ ಕೇಳಿಸಿಕೊಂಡ ಹಾಗೇ ಮಾಡುತ್ತಿರಲಿಲ್ಲ.

ಆ ನೆಟ್ಟಗಿನ ಕತ್ತು ನೋಡಿಯೇ ಶಾಲೆಯ ವ್ಯಾಯಾಮದ ಮೇಷ್ಟ್ರು ಸೈನ್ಯದ ಅಕಾಡೆಮಿಗೆ ಪರೀಕ್ಷೆ ಬರೆ ಎಂದರಂತೆ. ಬರೆದ, ಓಡಿದ, ಹಾರಿದ, ಆಯ್ಕೆಯಾದ. ಅಣ್ಣ ಊರಿಗೆಲ್ಲ ಡಂಗುರ ಸಾರಿದ. ಒಂದು ದಿಂಬು ಕೊಳ್ಳಲು ಬಂದವರು ಕೂಡ ಅಧಿಕಾರಿಯಾಗಲಿರುವ ಮಗನ ಸುದ್ದಿ ಕೇಳದೆ ಅಂಗಡಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಮೂಗು ಮುರಿದವಳು ನಾನೊಬ್ಬಳೇ. ದೇಶ ಕಾಯಲು ಬೇರೆಯವರ ಮನೆಯಲ್ಲಿ ದಷ್ಟಪುಷ್ಟವಾದ ಮಕ್ಕಳಿಲ್ಲವೇ, ನಮ್ಮ ಕಡ್ಡಿಯೇ ಬೇಕಿತ್ತೇ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಅಲ್ಲಿಯ ಒಂದು ನಿಯಮ ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಮೊದಲ ವರ್ಷ ಮುಗಿಯುವವರೆಗೆ ಯಾರು ಬೇಕಾದರೂ ಬಿಟ್ಟು ಬರಬಹುದು, ಮುಗಿದ ಮೇಲೆ ಮಾತ್ರ ಸೇವೆಗೆ ಕಟ್ಟುಬಿದ್ದ ಹಾಗೆ. ಅಲ್ಲಿಯವರೆಗೆ ಹುಡುಗ ನಮ್ಮವನೇ ಎಂದು ನನಗೆ ನಾನೇ ಹೇಳಿಕೊಂಡೆ.

ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡವಳಲ್ಲ. ಅವನು ಆಮೇಲೆ ತುಂಡು ತುಂಡಾಗಿ ಹೇಳಿದ್ದನ್ನು ಜೋಡಿಸಿ ಹೊಲಿದಿದ್ದೇನೆ.

ಮೊದಲ ವರ್ಷದವರಿಗೆ ಅಲ್ಲಿ ‘ಮೊಳಕೆ’ಗಳು ಎಂದು ಹೆಸರು. ಗೇಟು ದಾಟಿದ ದಿನವೇ ತಲೆ ನುಣ್ಣಗೆ ಬೋಳಿಸುತ್ತಾರೆ. ಮೊಳಕೆಗಳು ಕಟ್ಟಡದೊಳಗೆ ನಡೆಯುವಂತಿಲ್ಲ, ಗೋಡೆಯ ಅಂಚಿನಲ್ಲಿ ಓಡಬೇಕು. ಪಡಸಾಲೆಯ ನಡುಭಾಗ ಹಿರಿಯರದು. ಮೂಲೆ ಬಂದರೆ ಗಕ್ಕನೆ ನಿಂತು, ಕಾಗದ ಮಡಿಸಿದ ಹಾಗೆ ತಿರುಗಿ, ಮತ್ತೆ ಓಡಬೇಕು. ಊಟಕ್ಕೆ ಕುರ್ಚಿಯ ತುದಿಯಲ್ಲಿ ಕೂರಬೇಕು, ಬೆನ್ನು ಒರಗಿಸುವಂತಿಲ್ಲ, ತಟ್ಟೆಯಿಂದ ಕಣ್ಣೆತ್ತುವಂತಿಲ್ಲ, ತುಟಿ ಪಿಟಕ್ಕೆನ್ನುವಂತಿಲ್ಲ. ಹಾಗಾಗಿ ಒಂದೇ ಮೇಜಿನಲ್ಲಿ ದಿನವೂ ಉಂಡವರ ಕೈಗಳು ಅವನಿಗೆ ಗೊತ್ತಿದ್ದವು, ಮುಖ ಗೊತ್ತಿರಲಿಲ್ಲ. ಒಬ್ಬನಿಗೆ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಒಬ್ಬ ಎಡಗೈಯಲ್ಲಿ ಚಮಚ ಹಿಡಿಯುತ್ತಿದ್ದ, ಒಬ್ಬನ ಕೈ ನಡುಗುತ್ತಿತ್ತು. ಆ ನಡುಗುವ ಕೈ ಒಂದು ದಿನ ಮೇಜಿನ ಮೇಲೆ ಕಾಣಲಿಲ್ಲ. ಅವನು ಬಿಟ್ಟು ಹೋದನೋ, ಕಾಯಿಲೆ ಬಿದ್ದನೋ ಎಂದು ಕೇಳುವ ಹಾಗಿರಲಿಲ್ಲ.

ಹಿರಿಯರು ಏನು ಕೇಳಿದರೂ ಮೊಳಕೆಗಳಿಗೆ ಇರುವುದು ಮೂರೇ ಉತ್ತರ. ‘ಹೌದು ಸರ್’, ‘ಇಲ್ಲ ಸರ್’, ‘ಕಾರಣ ಇಲ್ಲ ಸರ್’. ಬೂಟಿನ ಮೇಲೆ ಧೂಳು ಯಾಕೆ? ಕಾರಣ ಇಲ್ಲ ಸರ್. ಕಾಲಿಗೆ ಗಾಯ ಯಾಕೆ? ಕಾರಣ ಇಲ್ಲ ಸರ್. ಇದನ್ನು ಕೇಳಿ ನಾನು ನಕ್ಕಿದ್ದೆ. ಹಾಲಿನ ಪಾತ್ರೆ ಉರುಳಿಸಿ, ಬೀದಿಯಲ್ಲಿ ಹೋಗುತ್ತಿದ್ದ ಲಾರಿಯ ಅದುರಾಟಕ್ಕೆ ಬಿತ್ತು ಎಂದು ಕಾರಣ ಹುಟ್ಟಿಸಿದ್ದ ಹುಡುಗ ಇವನು.

ಅವನ ಪಡಸಾಲೆಯ ಉಸ್ತುವಾರಿ ಒಬ್ಬ ಹಿರಿಯ ವಿದ್ಯಾರ್ಥಿಯದು. ಅವನ ಸಮವಸ್ತ್ರದಲ್ಲಿ ಯಾರೂ ಒಂದು ಮಡಿಕೆ ತಪ್ಪಿದ್ದು ಕಂಡಿರಲಿಲ್ಲವಾದ್ದರಿಂದ ಮೊಳಕೆಗಳು ಬೆನ್ನ ಹಿಂದೆ ಅವನನ್ನು ‘ಇಸ್ತ್ರಿ’ ಎನ್ನುತ್ತಿದ್ದರು. ಇಸ್ತ್ರಿ ಕಿರುಚುವವನಲ್ಲ. ಮೆಲ್ಲಗೆ ಮಾತಾಡಿಯೇ ಬೆವರು ಇಳಿಸುವವನು. ಬೆಳಿಗ್ಗೆ ಕೋಣೆ ತಪಾಸಣೆಗೆ ಬಂದರೆ ಮೊದಲು ಅವನ ಕಣ್ಣು ಹೋಗುತ್ತಿದ್ದುದು ಹಾಸಿಗೆಯ ಮೇಲೆ. ಮೇಲುಹಾಸು ತಮಟೆಯ ಹಾಗೆ ಬಿಗಿದಿರಬೇಕು. ಕಂಬಳಿಯ ಮೂಲೆಗಳು ಲಕೋಟೆಯಂತೆ ಮಡಿಸಿರಬೇಕು. ಇಸ್ತ್ರಿ ಅಂಗೈ ಆಡಿಸಿ ನೋಡುತ್ತಿದ್ದ, ಒಂದು ಸುಕ್ಕು ಸಿಕ್ಕಿದರೆ ಎಲ್ಲವನ್ನೂ ಕಿತ್ತು ನೆಲಕ್ಕೆ ಹಾಕಿ ಮತ್ತೆ ಮಾಡಿಸುತ್ತಿದ್ದ. ಕಹಳೆ ಊದಿದ ಮೇಲೆ ಮುಖ ತೊಳೆಯಲೇ ಪುರಸೊತ್ತಿಲ್ಲ, ಇನ್ನು ಹಾಸಿಗೆಯ ಮಾತೆಲ್ಲಿ? ಅದಕ್ಕೆ ಮೊಳಕೆಗಳು ಒಂದು ಉಪಾಯ ಕಂಡುಕೊಂಡಿದ್ದರು. ಹಾಸಿಗೆಯನ್ನು ಒಮ್ಮೆ ಚೆನ್ನಾಗಿ ಬಿಗಿದು, ಅದರ ಮೇಲೆ ಮಲಗುವುದನ್ನೇ ಬಿಟ್ಟುಬಿಡುವುದು. ಮಂಚದ ಪಕ್ಕದಲ್ಲಿ ನೆಲಕ್ಕೆ ಹೆಚ್ಚುವರಿ ಕಂಬಳಿ ಹಾಸಿ ಮಲಗಿ, ಬೆಳಿಗ್ಗೆ ಅದನ್ನು ಕೊಳೆ ಬಟ್ಟೆಯ ಚೀಲಕ್ಕೆ ತುರುಕುವುದು. ಹಿರಿಯರಿಗೂ ಇದು ಗೊತ್ತಿತ್ತಂತೆ. ಅವರೂ ಒಂದು ಕಾಲದಲ್ಲಿ ಹಾಗೇ ಮಲಗಿದವರು.

ಕೋಣೆಗೆ ಇಬ್ಬರು. ಎರಡು ಮಂಚ, ಎರಡು ಬೀರು, ಎರಡು ಮೇಜು, ಒಂದು ಕಿಟಕಿ. ಕಡ್ಡಿಯ ಜೊತೆಗಿದ್ದವನು ಲಾರಿ ರಿಪೇರಿಯವನ ಮಗ, ಗುಂಡು ಗುಂಡಾಗಿದ್ದ ಹುಡುಗ. ಅವನು ಹೊಡೆಯುತ್ತಿದ್ದ ಗೊರಕೆಗೆ ಕಿಟಕಿಯ ಗಾಜು ಗುಂಯ್‌ಗುಡುತ್ತಿತ್ತಂತೆ. ಅದಕ್ಕೇ ಅವನ ಹೆಸರೂ ‘ಗೊರಕೆ’ ಎಂದೇ. ಬೂಟಿನೊಳಗೆ ಬಿಸ್ಕತ್ತು ಬಚ್ಚಿಡುವುದರಲ್ಲಿ ಗೊರಕೆಯದು ಎತ್ತಿದ ಕೈ. ಹಾಸಿಗೆ ಬಿಗಿಯುವಾಗ ಒಬ್ಬ ಎಳೆದು ಹಿಡಿಯಬೇಕು, ಇನ್ನೊಬ್ಬ ಅಂಚು ಸಿಕ್ಕಿಸಬೇಕು. ಆ ಹೊತ್ತಿನಲ್ಲಿ ಇಬ್ಬರೂ ಪಿಸುಮಾತಾಡುತ್ತಿದ್ದರು. ಮನೆಯ ಸುದ್ದಿ, ಇಸ್ತ್ರಿಯ ನಡಿಗೆಯ ಅಣಕ, ಕಾಲಿನ ಬೊಬ್ಬೆಗಳ ವಿಚಾರ. ಇಡೀ ದಿನದಲ್ಲಿ ಕಡ್ಡಿ ಮನುಷ್ಯರ ಹಾಗೆ ಮಾತಾಡುತ್ತಿದ್ದುದು ಅಷ್ಟೇ.

ಒಂದು ದಿನ ಕವಾಯತು ಮುಗಿಸಿ ಓಡಿ ಬಂದರೆ ಗೊರಕೆಯ ಬೀರುವಿನ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ಮಂಚದ ಮೇಲೆ ಬರೀ ಹಾಸಿಗೆ ಇತ್ತು, ಮೇಲುಹಾಸು ಇರಲಿಲ್ಲ. ಬಿಟ್ಟು ಹೋಗುವವರನ್ನು ಉಳಿದವರು ಮೈದಾನದಲ್ಲಿರುವಾಗಲೇ ಕಳಿಸಿಬಿಡುವುದು ಅಲ್ಲಿಯ ಪದ್ಧತಿ. ಹೋಗುವವನ ಮುಖ ನೋಡಿದರೆ ಇರುವವನ ಕಾಲೂ ಸಡಿಲವಾಗುತ್ತದೆ ಎಂದು ಲೆಕ್ಕಾಚಾರ. ಕಡ್ಡಿಯ ದಿಂಬಿನ ಕೆಳಗೆ ಅರ್ಧ ಪೊಟ್ಟಣ ಬಿಸ್ಕತ್ತು ಇತ್ತು. ಹೇಳದೆ ಕಂಬಿ ಕಿತ್ತನಲ್ಲ ಎಂಬ ಕೋಪಕ್ಕೆ ಅವನು ಅದನ್ನು ಬಹಳ ದಿನ ಮುಟ್ಟಲೇ ಇಲ್ಲವಂತೆ. ಆಮೇಲೆ ತಿಂದಾಗ ಮೆತ್ತಗಾಗಿತ್ತು.

ಗೊರಕೆ ಹೋದ ದಿನ ಸಂಜೆಗೇ ಉಗ್ರಾಣದವನು ಹೊಸ ಮೇಲುಹಾಸು, ಕಂಬಳಿ ತಂದು ಖಾಲಿ ಮಂಚದ ಮೇಲಿಟ್ಟು ಹೋದ. ಖಾಲಿ ಜಾಗ ಕಾಣಬಾರದು ಎನ್ನುವುದು ಅಲ್ಲಿಯ ಇನ್ನೊಂದು ನಿಯಮ. ಸಾಲಿನಲ್ಲಿ ಒಬ್ಬ ಇಲ್ಲದಿದ್ದರೆ ಹಿಂದಿನವನು ಮುಂದೆ ಬಂದು ನಿಲ್ಲುತ್ತಾನೆ. ಊಟದ ಮೇಜಿನಿಂದ ಕುರ್ಚಿ ತೆಗೆಯುತ್ತಾರೆ. ಕೋಣೆಯಿಂದ ಮಂಚ ತೆಗೆಯಲು ಆಗುವುದಿಲ್ಲವಲ್ಲ, ಆದ್ದರಿಂದ ಅದರ ಮೇಲೆ ಹಾಸಿಗೆ ಸಿದ್ಧವಾಗಿರಬೇಕು. ಇನ್ನೊಬ್ಬ ಒಂಟಿ ಮೊಳಕೆ ಸಿಕ್ಕಿದಾಗ ಜೋಡಿ ಮಾಡುತ್ತೇವೆ, ಅಲ್ಲಿಯವರೆಗೆ ಎರಡೂ ನಿನ್ನ ಜವಾಬ್ದಾರಿ ಎಂದು ಇಸ್ತ್ರಿ ಮೆಲ್ಲಗೆ ಹೇಳಿ ಹೋದ. ಅಂದಿನಿಂದ ಕಡ್ಡಿ ಒಂದು ಬದಿಗೆ ಓಡಿ ಎಳೆದು, ಇನ್ನೊಂದು ಬದಿಗೆ ಓಡಿ ಸಿಕ್ಕಿಸಿ, ಯಾರೂ ಮಲಗದ ಎರಡು ಹಾಸಿಗೆಗಳನ್ನು ಸರಿ ಮಾಡತೊಡಗಿದ. ಅವನು ಮಲಗುತ್ತಿದ್ದುದು ಅವೆರಡರ ನಡುವಿನ ಸಂದಿಯಲ್ಲಿ. ಗೊರಕೆ ಇದ್ದಾಗ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ, ಹೋದ ಮೇಲೆ ಸದ್ದಿಲ್ಲದೆ ನಿದ್ದೆ ಬರಲಿಲ್ಲವಂತೆ. ಇದನ್ನು ಹೇಳುವಾಗ ಅವನು ನಕ್ಕ.

ಭಾನುವಾರ ಭಾನುವಾರ ಫೋನ್ ಮಾಡಲು ಬಿಡುತ್ತಿದ್ದರು. ಹಿಂದೆ ಸಾಲು ನಿಂತಿರುವುದು ನಮಗೂ ಕೇಳಿಸುತ್ತಿತ್ತು. ಅಣ್ಣನ ಪ್ರಶ್ನೆ ಯಾವಾಗಲೂ ಒಂದೇ. ಊಟ ಆಯಿತಾ, ಅಲ್ಲಿಯ ಹಾಸಿಗೆ ಹೇಗಿದೆ, ಹತ್ತಿಯದೋ ನಾರಿನದೋ, ಬೆನ್ನಿಗೆ ಒತ್ತುತ್ತದೋ ಹೇಗೆ. ಚೆನ್ನಾಗಿದೆ ಅಪ್ಪ ಎನ್ನುತ್ತಿದ್ದ ಅವನು. ಒಮ್ಮೆ ನಾನು ಫೋನ್ ಕಿತ್ತುಕೊಂಡು ಮೈಯಲ್ಲಿ ಹುಷಾರಿಲ್ಲವೇನೋ ಎಂದು ಕೇಳಿದೆ. ‘ಇಲ್ಲ ಸರ್’ ಎಂದ. ನಾನು ಯಾವಾಗ ಮೀಸೆ ಬಿಟ್ಟೆನೋ ಎಂದು ಛೇಡಿಸಿದೆ. ಹಿಂದಿನವನು ಅವಸರ ಮಾಡುತ್ತಿದ್ದಾನೆ ಎಂದು ಇಟ್ಟುಬಿಟ್ಟ.

ಇಲ್ಲಿ ಅಣ್ಣನದು ಬೇರೆಯೇ ಹುಚ್ಚು. ಮಗನ ಕೋಣೆಯ ಮಂಚದ ಮೇಲಿನ ಹಾಸನ್ನು ವಾರ ವಾರ ಬದಲಿಸುವುದು, ದಿಂಬು ಬಡಿದು ಉಬ್ಬಿಸುವುದು. ಯಾರು ಮಲಗಿ ಕೊಳೆ ಮಾಡಿದರು ಎಂದು ಇದನ್ನು ಒಗೆಯಲು ಹಾಕುತ್ತೀಯ ಎಂದು ನಾನು ರೇಗುತ್ತಿದ್ದೆ. ಅವನು ದಿಂಬನ್ನು ಇನ್ನೂ ಜೋರಾಗಿ ಬಡಿಯುತ್ತಿದ್ದ. ಅರ್ಧ ವರ್ಷ ಮುಗಿದಾಗ ಸಿಗುವ ರಜೆಗೆ ಹುಡುಗ ಬರುತ್ತಾನೆ ಎಂದು ತಿಳಿದಾಗಂತೂ ಗಿರಾಕಿಗಳ ಕೆಲಸ ಬದಿಗಿಟ್ಟು ಹೊಸ ಹಾಸಿಗೆಗೆ ಕೈ ಹಾಕಿದ. ಹತ್ತಿಯನ್ನು ಮತ್ತೆ ಮತ್ತೆ ಹಿಂಜಿದ. ನೀಲಿ ಪಟ್ಟೆಯ ಬಟ್ಟೆ ತಂದು ನನ್ನ ಮುಂದೆ ಹಾಕಿ, ಹೊಲಿಗೆ ಸೊಟ್ಟಗಾದರೆ ಬಿಚ್ಚಿಸುತ್ತೇನೆ ಎಂದ. ನಲವತ್ತು ದಾಟಿದ ನನಗೆ ಹೊಲಿಗೆ ಕಲಿಸಲು ಬಂದ ಎಂದು ಗೊಣಗುತ್ತಲೇ ಹೊಲಿದು ಕೊಟ್ಟೆ.

ಹುಡುಗ ಬಂದ. ಕಡ್ಡಿ ಹೋಗಿ ದಾರವಾಗಿದ್ದ. ಬೀದಿಯಿಂದ ಮನೆಯೊಳಗೆ ಗೋಡೆಯ ಅಂಚು ಹಿಡಿದೇ ನಡೆದ. ಹೊಲಿಗೆ ಯಂತ್ರದ ಹತ್ತಿರ ಗಕ್ಕನೆ ನಿಂತು, ಮಡಿಸಿದ ಹಾಗೆ ತಿರುಗಿ ಅಡುಗೆಮನೆಗೆ ಹೋದ. ಊಟಕ್ಕೆ ಕೂತಾಗ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅಣ್ಣ ನನ್ನನ್ನು ಮೊಣಕೈಯಿಂದ ತಿವಿದು, ನೋಡು ಶಿಸ್ತು ಎಂದು ಹಿಗ್ಗಿದ. ಬೆಳಿಗ್ಗೆ ಹೋಗಿ ನೋಡಿದರೆ ಮಂಚದ ಮೇಲಿನ ಹಾಸಿಗೆ ಒಂದು ಸುಕ್ಕಿಲ್ಲದೆ ಬಿಗಿದಿತ್ತು. ಅಣ್ಣ ಅದನ್ನು ಗಿರಾಕಿಗಳಿಗೂ ಹೇಳಿದ.

ಆದರೆ ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಅವನ ಹಿಗ್ಗು ಇಳಿಯಿತು. ಹೊಸ ಹತ್ತಿಯ ಹಾಸಿಗೆ ಮಲಗಿದವರ ಮೈಗೆ ತಕ್ಕ ಹಾಗೆ ಬೇಗನೆ ತಗ್ಗುತ್ತದೆ. ಇದು ತಗ್ಗಿರಲಿಲ್ಲ. ಅಣ್ಣ ಆಗಾಗ ಒಳಗೆ ಹೋಗಿ ಕೈಯಿಂದ ಒತ್ತಿ ನೋಡಿ ಬರುತ್ತಿದ್ದ. ಹತ್ತಿ ಸರಿಯಾಗಿ ಹಿಂಜಿಲ್ಲವೇನೋ, ಗಟ್ಟಿಯಾಯಿತೇನೋ ಎಂದು ತನ್ನನ್ನೇ ಬೈದುಕೊಂಡ. ಮಗ ದೊಡ್ಡ ಜಾಗಕ್ಕೆ ಹೋದವನು, ನಮ್ಮ ಹಾಸಿಗೆ ಅವನಿಗೆ ಒಗ್ಗುತ್ತಿಲ್ಲವೇನೋ ಎಂಬ ಮಾತನ್ನು ಮಾತ್ರ ನನ್ನ ಹತ್ತಿರ ಆಡಿದ, ಅವನ ಹತ್ತಿರ ಆಡಲಿಲ್ಲ.

ಒಂದು ಮಧ್ಯಾಹ್ನ ದಾರದ ಉಂಡೆ ತರಲು ಕಡ್ಡಿಯ ಕೋಣೆಗೆ ಹೋದೆ. ಮಂಚದ ಮೇಲೆ ಯಾರೂ ಇರಲಿಲ್ಲ. ಮಂಚಕ್ಕೂ ಗೋಡೆಗೂ ನಡುವೆ, ಬರೀ ನೆಲದ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು, ಮೊಣಕಾಲು ಮಡಚಿ ಅವನು ನಿದ್ದೆ ಹೋಗಿದ್ದ. ಎಬ್ಬಿಸೋಣವೆಂದು ಭುಜ ಮುಟ್ಟಿದೆ. ಚಂಗನೆ ಎದ್ದು ನೆಟ್ಟಗೆ ನಿಂತು, ಕಣ್ಣು ಬಿಡುವ ಮೊದಲೇ ‘ಕಾರಣ ಇಲ್ಲ ಸರ್’ ಎಂದ. ಅವನನ್ನು ಕೂರಿಸಿ, ನೀರು ಕುಡಿಸಿ, ಏನಾಗಿದೆ ಹೇಳು ಎಂದೆ. ಹೇಳಿದ. ಗೊರಕೆ ಹೋದದ್ದು, ಎರಡು ಹಾಸಿಗೆ, ನಡುವಿನ ಸಂದಿ, ಮುಖವಿಲ್ಲದ ಕೈಗಳು. ಕೊನೆಗೆ ತಲೆ ತಗ್ಗಿಸಿ ಕೇಳಿಕೊಂಡ.

“ಅತ್ತೆ, ನಂಗೆ ಅಲ್ಲಿರೋಕೆ ಆಗ್ತಿಲ್ಲ. ಬಿಟ್ಟುಬಿಡ್ತೀನಿ. ಅಪ್ಪಂಗೆ ನೀನೇ ಹೇಳು.”

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಹುಡುಗ ಮನೆಗೆ ಬರುತ್ತಾನೆ, ಮತ್ತೆ ಬೀದಿಯಲ್ಲಿ ಹಾಸಿಗೆ ಹೊತ್ತು ಹರಟೆ ಹೊಡೆಯುತ್ತಾನೆ, ನಾನು ಮತ್ತೆ ಕೂಗುತ್ತೇನೆ ಎಂದು ಒಂದು ಗಳಿಗೆಯಲ್ಲಿ ಎಲ್ಲ ಕಂಡುಬಿಟ್ಟೆ. ಆದರೆ ಅಣ್ಣನಿಗೆ ನಾನು ಹೇಳಿದರೆ ನಾನೇ ಹುಡುಗನ ತಲೆ ಕೆಡಿಸಿದೆ ಎನ್ನುತ್ತಾನೆ.

“ಯಾಕೆ, ನಿನ್ನ ಬಾಯಿ ಬಾಡಿಗೆಗೆ ಕೊಟ್ಟಿದ್ದೀಯಾ? ನೀನೇ ಹೇಳು” ಎಂದೆ.

ಹೇಳುವ ಅಗತ್ಯ ಬೀಳಲಿಲ್ಲ. ಅಣ್ಣ ಉದ್ದನೆಯ ಸೂಜಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ದಾರ ತರಲು ಹೋದವಳು ಎಲ್ಲಿ ಹಾಳಾದಳು ಎಂದು ನೋಡಲು ಬಂದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬೀದಿಗೆಲ್ಲ ಹೇಳಿಕೊಂಡು ತಿರುಗಿದವನು, ಈಗ ಕೂಗಾಡುತ್ತಾನೆ ಎಂದು ನಾನು ಸೊಂಟ ಕಟ್ಟಿ ನಿಂತೆ. ಅವನು ಕೂಗಾಡಲಿಲ್ಲ. ನೆಲದ ಮೇಲೆ ಯಾಕೆ ಮಲಗುತ್ತೀಯ ಎಂದು ಮಾತ್ರ ಕೇಳಿದ.

“ಮೇಲೆ ಮಲಗಿದ್ರೆ ಸುಕ್ಕಾಗುತ್ತೆ ಅಪ್ಪ” ಎಂದ ಕಡ್ಡಿ. “ಹಾಸಿಗೆ ಚೆನ್ನಾಗೇ ಇದೆ. ನಂಗೆ ಅದರ ಮೇಲೆ ಹತ್ತೋಕೇ ಭಯ ಆಗುತ್ತೆ.”

ಅಣ್ಣ ಸೂಜಿಯನ್ನು ಅಂಗಿಗೆ ಸಿಕ್ಕಿಸಿ ಮಂಚದ ಹತ್ತಿರ ಹೋದ. ಬಿಗಿದಿದ್ದ ಹಾಸನ್ನು ಒಂದು ಮೂಲೆಯಿಂದ ಕಿತ್ತೆಳೆದ. ಕಂಬಳಿಯನ್ನು ಕಾಲ ಕೆಳಗೆ ಕೆಡವಿದ.

“ಮಲಗು. ಎದ್ದ ಮೇಲೆ ನಾನು ಸರಿ ಮಾಡ್ತೀನಿ.”

ಕಡ್ಡಿ ಅಂಚಿನಲ್ಲಿ ಕೂತ. ಅಣ್ಣ ಅವನ ತಲೆ ಹಿಡಿದು ದಿಂಬಿಗೆ ಒರಗಿಸಿದ. ಬೋಳಿಸಿದ ತಲೆಯ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡೇ ಇದ್ದ.

“ಹೋಗೋದು, ಬಿಡೋದು ನಿನಗೆ ಸೇರಿದ್ದು. ಬಂದ್ರೆ ಇಲ್ಲಿ ಸೂಜಿ ಇದೆ, ದಾರ ಇದೆ. ಬೀದಿಯವರಿಗೆ ನಾನು ಉತ್ತರ ಕೊಡ್ತೀನಿ. ಆದ್ರೆ ನಿದ್ದೆಗೆಟ್ಟವನ ತೀರ್ಮಾನ ನಂಗೆ ಬೇಡ. ಮೊದ್ಲು ನಿದ್ದೆ ಮಾಡು, ಆಮೇಲೆ ಹೇಳು.”

ಹುಡುಗ ಆ ಮಧ್ಯಾಹ್ನ ಮಲಗಿದವನು ಮರುದಿನದವರೆಗೂ ಏಳಲಿಲ್ಲ. ನಾವು ಅಂಗಡಿಯ ಬಾಗಿಲು ಎಳೆದುಕೊಂಡೆವು. ಹೊಲಿಗೆ ಯಂತ್ರದ ಸದ್ದಾಗುತ್ತದೆ ಎಂದು ನಾನು ಚೀಲಗಳನ್ನು ಕೈಯಲ್ಲೇ ಹೊಲಿದೆ. ಅಣ್ಣ ಬೆಕ್ಕಿನ ಹಾಗೆ ಹೆಜ್ಜೆ ಇಟ್ಟು ಒಳಗೆ ಹೋಗಿ ನೋಡಿ ಬರುತ್ತಿದ್ದ. ಒಂದು ಸಲ ಬಂದವನು, ಈಗ ಹಾಸಿಗೆ ತಗ್ಗಿದೆ ಎಂದು ಪಿಸುಗುಟ್ಟಿದ. ನಮ್ಮದೇ ಮನೆಯಲ್ಲಿ ಕಳ್ಳರ ಹಾಗೆ ಕೂತು ಇಬ್ಬರೂ ತಣ್ಣಗಾದ ಊಟ ಮಾಡಿದೆವು.

ಉಳಿದ ರಜೆಯಲ್ಲಿ ಅವನು ಹಾಸಿಗೆಯ ಮೇಲೇ ಮಲಗಿದ. ದಿನವೂ ಅಣ್ಣನೇ ಅದನ್ನು ಸರಿ ಮಾಡಿದ. ಹುಡುಗನ ಮುಖಕ್ಕೆ ಬಣ್ಣ ಬಂತು, ನನ್ನೊಡನೆ ಜಗಳ ಆಡುವಷ್ಟು ಚೈತನ್ಯವೂ ಬಂತು. ಅಕಾಡೆಮಿಯ ಮಾತು ಮಾತ್ರ ಎತ್ತಲಿಲ್ಲ. ರಜೆಯ ಕೊನೆಯಲ್ಲಿ ತಾನೇ ಹೇಳಿದ. ಬಿಡುವುದು ಖಂಡಿತ, ಆದರೆ ಅದಕ್ಕೆ ಖುದ್ದಾಗಿ ಅಲ್ಲಿಗೆ ಹೋಗಬೇಕು, ಬಟ್ಟೆ ಬೂಟು ಬಂದೂಕು ಎಲ್ಲ ಒಪ್ಪಿಸಿ ಬರಬೇಕು, ಒಂದು ವಾರದೊಳಗೆ ಬಂದುಬಿಡುತ್ತೇನೆ ಎಂದ. ಅಣ್ಣ ಆಗಲಿ ಎಂದ. ನಾನು ಅಂದೇ ಬೀರುವಿನ ಒಂದು ಹಲಗೆ ಖಾಲಿ ಮಾಡಿದೆ.

ಹೊರಡುವ ಬೆಳಿಗ್ಗೆ ಅವನಿಗೆ ಎಚ್ಚರವೇ ಆಗಲಿಲ್ಲ. ಬಸ್ಸಿನ ಹೊತ್ತಾಯಿತು ಎಂದು ನಾನು ಬೊಬ್ಬೆ ಹಾಕಿದ ಮೇಲೆ ಎದ್ದು, ಒಂದು ಕಾಲಿಗೆ ಬೂಟು ಹಾಕಿಕೊಳ್ಳುತ್ತಲೇ ಹೊರಗೆ ಓಡಿದ. ಗೋಡೆಯ ಅಂಚಿನಲ್ಲಿ ಅಲ್ಲ, ಅಂಗಡಿಯ ನಟ್ಟನಡುವೆ ಹತ್ತಿಯ ರಾಶಿ ದಾಟಿಕೊಂಡು ಓಡಿದ. ಹಾಸಿಗೆ ಹೇಗಿತ್ತೋ ಹಾಗೇ ಬಿದ್ದಿತ್ತು.

ಅಕಾಡೆಮಿಯ ಕೋಣೆಯಲ್ಲಿ ಎರಡು ಹಾಸಿಗೆಗಳೂ ಅವನು ಬಿಟ್ಟು ಬಂದ ಹಾಗೇ ಬಿಗಿದು ಕಾದಿದ್ದವು. ಬೆಳಿಗ್ಗೆ ತಪಾಸಣೆ ಮುಗಿದೊಡನೆ ಕಚೇರಿಗೆ ಹೋಗಿ ಬಿಡುತ್ತೇನೆಂದು ಹೇಳುವುದೆಂದು ಅವನು ನಿಶ್ಚಯಿಸಿದ್ದ. ಅಭ್ಯಾಸಬಲದಿಂದ ಸಂದಿಯಲ್ಲಿ ಕಂಬಳಿ ಹಾಸಿ ಮಲಗಿದ. ನಾಳೆ ಹೋಗುವವನಿಗೆ ಯಾಕೆ ಈ ಭಯ ಎನ್ನಿಸಿ ಎದ್ದು ಹಾಸಿಗೆ ಹತ್ತಿದ. ಸೇರಿದ ದಿನದಿಂದ ಮೊದಲ ಸಲ ಅಲ್ಲಿ ಅವನಿಗೆ ಗಾಢವಾಗಿ ನಿದ್ದೆ ಬಂತು. ಕಹಳೆ ಕೇಳಿ ಎದ್ದಾಗ ಗೊರಕೆಯ ಹಾಸಿಗೆ ಕನ್ನಡಿಯಂತಿತ್ತು, ಅವನದು ಮುದುಡಿತ್ತು. ಎಳೆದು ಬಿಗಿಯಲು ಹೊತ್ತಿರಲಿಲ್ಲ.

ಇಸ್ತ್ರಿ ಬಂದ. ಅಂಗೈ ಆಡಿಸುವ ಅಗತ್ಯವೇ ಇರಲಿಲ್ಲ. ಇದೇನು ಎಂದು ಮೆಲ್ಲಗೆ ಕೇಳಿದ. ಉತ್ತರ ಯಾವುದೆಂದು ಪಡಸಾಲೆಯಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು.

“ಮಲಗಿದ್ದೆ ಸರ್” ಎಂದ ಕಡ್ಡಿ.

ಇಸ್ತ್ರಿ ಅವನನ್ನು ನೋಡಿದ. ಹಾಸಿಗೆಯನ್ನು ಮುಟ್ಟಿದ. ಅದು ಇನ್ನೂ ಬೆಚ್ಚಗಿತ್ತು. ಆಮೇಲೆ ಶಿಕ್ಷೆ ಹೇಳಿದ. ಅಷ್ಟು ಇಷ್ಟವಾದ ಹಾಸಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮೈದಾನ ಸುತ್ತಬೇಕು, ನಿಲ್ಲು ಎನ್ನುವವರೆಗೆ. ಇದು ಅಲ್ಲಿಯ ಹಳೆಯ ಶಿಕ್ಷೆಯಂತೆ. ಹೊತ್ತವನು ತೂರಾಡುತ್ತಾನೆ, ಹಾಸಿಗೆ ಬಿಚ್ಚಿಕೊಳ್ಳುತ್ತದೆ, ಎಡವಿ ಬೀಳುತ್ತಾನೆ, ಸಾಲಾಗಿ ನಿಂತವರು ಉಸಿರು ಬಿಗಿಹಿಡಿದು ನಗು ನುಂಗುತ್ತಾರೆ.

ಕಡ್ಡಿ ಹಾಸಿಗೆಯನ್ನು ಸುತ್ತಿದ, ಬೆಲ್ಟಿನಿಂದ ಬಿಗಿದ, ಒಂದೇ ಸಲಕ್ಕೆ ತಲೆಗೆ ಏರಿಸಿದ. ಕೈ ಬಿಟ್ಟ. ಕತ್ತು ನೆಟ್ಟಗಿಟ್ಟು ಓಡತೊಡಗಿದ. ಬೀಳುತ್ತದೆ ಎಂದು ಕಾದವರು ಕಾಯುತ್ತಲೇ ಉಳಿದರು. ಹಾಸಿಗೆ ಹೊತ್ತವನಿಗೆ ತಲೆ ತಗ್ಗಿಸಲು ಆಗುವುದಿಲ್ಲ, ನೆಲ ನೋಡಲು ಆಗುವುದಿಲ್ಲ, ಎದುರಿಗೇ ನೋಡಬೇಕು. ಎದುರಿಗೆ, ಊಟಕ್ಕೆ ಕೂರುವ ಕ್ರಮದಲ್ಲೇ, ಸಾಲು ಸಾಲಾಗಿ ಮೊಳಕೆಗಳು ನಿಂತಿದ್ದರು. ಊಟದ ಮೇಜಿನಲ್ಲಿ ಕೈ ಮಾತ್ರ ಕಂಡಿದ್ದವರ ಮುಖಗಳನ್ನು ಅವನು ಅಂದು ಸುತ್ತು ಸುತ್ತಿಗೂ ನೋಡಿದ. ಕಪ್ಪು ಉಗುರಿನವನಿಗೆ ಕೆನ್ನೆಯಲ್ಲಿ ಗುಳಿ ಇತ್ತು. ಎಡಗೈಯವನು ಪಾಪ, ಚಿಕ್ಕ ಮಗುವಿನ ಮುಖದವನು, ಪ್ರತಿ ಸಲವೂ ಯಾರಿಗೂ ಕಾಣದ ಹಾಗೆ ಹುಬ್ಬು ಹಾರಿಸುತ್ತಿದ್ದ. ಕೈ ಎತ್ತಿ ಹಿಡಿದುಕೋ ಎಂದು ಇಸ್ತ್ರಿ ಒಮ್ಮೆ ಹೇಳಿದನಂತೆ. “ಬೇಕಾಗಿಲ್ಲ ಸರ್” ಎಂದು ಇವನು ಓಡುತ್ತಲೇ ಉತ್ತರ ಕೊಟ್ಟ. ಆ ದಿನ ಅವನು ಕಚೇರಿಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ.

ಭಾನುವಾರ ಫೋನ್ ಬಂತು. ವರ್ಷ ಮುಗಿಸುತ್ತೇನೆ ಅಪ್ಪ ಎಂದ. ಅಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಿದ್ದೆ ಮಾಡಿ ಎದ್ದ ಮೇಲೆ ತಗೊಂಡ ತೀರ್ಮಾನ ತಾನೇ?”

“ಹೌದು ಅಪ್ಪ.”

ಅಣ್ಣ ಫೋನ್ ಇಟ್ಟು ಹತ್ತಿ ಹಿಂಜಲು ಕೂತ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಹುಡುಗ ಗೆದ್ದ ಎಂದು ಅಲ್ಲ, ಬರುವುದಿಲ್ಲ ಎಂದು ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಬಾರದವನಿಗೆ ಬೀರುವಿನಲ್ಲಿ ಹಲಗೆ ಯಾಕೆ ಎಂದು ಮತ್ತೆ ಹಳೆ ಬಟ್ಟೆಗಳನ್ನು ತುಂಬಿದೆ. ಅವನು ಹೊರಟ ದಿನದಿಂದ ಅವನ ಹಾಸಿಗೆ ಹಾಗೇ ಬಿದ್ದಿತ್ತು. ಹಾಸು ಮುದ್ದೆಯಾಗಿ ಒಂದು ಕಡೆ, ಕಂಬಳಿ ಅರ್ಧ ನೆಲಕ್ಕೆ, ದಿಂಬಿನ ನಡುವೆ ತಲೆಯ ಗುಳಿ. ಎಲ್ಲವನ್ನೂ ಕೊಡವಿ ಸರಿ ಮಾಡೋಣವೆಂದು ಕೈ ಹಾಕಿದೆ. ಅಣ್ಣ ಹಿಂದಿನಿಂದ ಬಂದು ನನ್ನ ಕೈ ಹಿಡಿದ.

“ಇರಲಿ ಬಿಡು. ಈಗ ತಾನೇ ಎದ್ದು ಹೋದ ಹಾಗಿದೆ.”

ಮಗ ದೂರವಿದ್ದಾಗ ವಾರ ವಾರ ಹಾಸು ಬದಲಿಸುತ್ತಿದ್ದ ಮನುಷ್ಯ ಇವನು. ಎಲ್ಲಿಯವರೆಗೆ ಹೀಗೆ ಇರಬೇಕು ಎಂದು ಕೇಳಿದೆ. ಅವನು ಬರುವವರೆಗೆ ಎಂದ.

ಕಡ್ಡಿಯ ಒಂಟಿತನ ಅಂದೇ ಮುಗಿಯಿತು ಎಂದುಕೊಳ್ಳಬೇಡಿ. ಅವನಿಗೆ ಜೋಡಿ ಕೊನೆಯವರೆಗೂ ಸಿಗಲಿಲ್ಲ. ಊಟದ ಮೇಜಿನಲ್ಲಿ ಬಾಯಿಗೆ ಬೀಗ ಇದ್ದೇ ಇತ್ತು. ಗೊರಕೆಯ ಹಾಸಿಗೆಯನ್ನು ವರ್ಷವಿಡೀ ಒಬ್ಬನೇ ಬಿಗಿದ. ತನ್ನದರ ಮೇಲೆ ಮಲಗಿದ, ಬೆಳಿಗ್ಗೆ ಕೈಲಾದಷ್ಟು ಸರಿ ಮಾಡಿದ, ಸುಕ್ಕು ಸಿಕ್ಕಿದಾಗೆಲ್ಲ ಹೊತ್ತುಕೊಂಡು ಓಡಿದ. ವರ್ಷದ ಕೊನೆಯ ಕವಾಯತಿನಲ್ಲಿ ಹಿರಿಯರು ಸಾಲಿನುದ್ದಕ್ಕೂ ಬಂದು ಮೊಳಕೆಗಳ ಕೈ ಕುಲುಕುವುದು ಅಲ್ಲಿಯ ಸಂಪ್ರದಾಯ. ಅಲ್ಲಿಯವರೆಗೆ ಯಾವ ಹಿರಿಯನೂ ಮೊಳಕೆಯ ಕೈ ಮುಟ್ಟುವುದಿಲ್ಲ. ಇಸ್ತ್ರಿ ಇವನ ಕೈ ಹಿಡಿದವನು ತಕ್ಷಣ ಬಿಡಲಿಲ್ಲವಂತೆ.

“ಮೊದಲ ವರ್ಷ ಪೂರ್ತಿ ನಾನು ನೆಲದ ಮೇಲೇ ಮಲಗಿದ್ದೆ. ಈಗ ಮನೆಗೆ ಹೋದ್ರೂ ನಂಗೆ ಹಾಸಿಗೆ ಮೇಲೆ ನಿದ್ದೆ ಬರಲ್ಲ” ಎಂದನಂತೆ.

ಆ ಮಾತು ಕೇಳಿದ ಮೇಲೆ ಇಸ್ತ್ರಿಯನ್ನು ಬೈಯುವುದನ್ನು ನಾನು ಸ್ವಲ್ಪ ಕಡಿಮೆ ಮಾಡಿದ್ದೇನೆ. ಅವನ ತಾಯಿಯೂ ಎಲ್ಲೋ ಒಂದು ಕಡೆ ಸುಕ್ಕಿಲ್ಲದ ಹಾಸಿಗೆ ನೋಡಿ ಮಗನ ಶಿಸ್ತಿಗೆ ಹಿಗ್ಗುತ್ತಿರಬೇಕು.

ಈಗ ನಮ್ಮ ಹುಡುಗ ಸೇವೆಗೆ ಕಟ್ಟುಬಿದ್ದವನು. ರಜೆ ಸಿಕ್ಕಾಗ ಬರುತ್ತಾನೆ, ಹೊತ್ತೇರುವವರೆಗೆ ಮಲಗುತ್ತಾನೆ, ಹೊರಡುವ ದಿನ ಹಾಸಿಗೆಯನ್ನು ಹಾಗೇ ಬಿಟ್ಟು ಓಡುತ್ತಾನೆ. ಮುಂದಿನ ಸಲ ಬರುತ್ತಾನೆಂದು ಗೊತ್ತಾಗುವವರೆಗೆ ಅಣ್ಣ ಅದನ್ನು ಮುಟ್ಟಲು ಬಿಡುವುದಿಲ್ಲ. ಕೆಲವು ಮಧ್ಯಾಹ್ನ ಹೊಲಿದು ಹೊಲಿದು ಸೊಂಟ ಹಿಡಿದುಕೊಂಡಾಗ ನಾನು ಆ ಕೋಣೆಗೆ ಹೋಗುತ್ತೇನೆ. ಮನೆಯಲ್ಲಿ ಅಷ್ಟು ಒಳ್ಳೆಯ ಹಾಸಿಗೆ ಇನ್ನೊಂದಿಲ್ಲ. ಅದರ ಮೇಲೆ ಮಲಗಿದರೆ ಅವನು ಬಿಟ್ಟು ಹೋದ ಸುಕ್ಕು ಕೆಡುತ್ತದಲ್ಲ. ಅದಕ್ಕೆ ಮಂಚಕ್ಕೂ ಗೋಡೆಗೂ ನಡುವೆ, ತೋಳನ್ನೇ ದಿಂಬು ಮಾಡಿಕೊಂಡು, ನೆಲದ ಮೇಲೆ ಮಲಗುತ್ತೇನೆ.